ಹಿಮನಾಡಿನ ಹಡಗಿಗೆ ಪೆಟ್ಟಿಗೆ ಕಟ್ಟುವ ಮುನ್ನ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವೆ ಹರಡಿಕೊಂಡಿರುವ ಬಯಲಿಗೆ ಶಾಸನಗಳು ಎಡೆದೊರೆ ನಾಡು ಎಂಬ ಚೆಲುವಾದ ಹೆಸರನ್ನು ಕೊಟ್ಟಿವೆ. ಈ ನಾಡಿನ ಮಲ್ಲಟದಲ್ಲಾಗಲಿ, ಮಾನ್ವಿ ದೇವದುರ್ಗಗಳಲ್ಲಾಗಲಿ, ರಾಯಚೂರು ನಗರದಲ್ಲಾಗಲಿ ಚಳಿಗೆಂದು ಪ್ರತ್ಯೇಕವಾಗಿ ಬಟ್ಟೆ ಹೊಲಿಸುವ ವಾಡಿಕೆಯಿಲ್ಲ. ವೈಶಾಖದಲ್ಲಿ ಪಾದರಸವು 40 ಡಿಗ್ರಿಯನ್ನು ಲೀಲಾಜಾಲವಾಗಿ ದಾಟುವ ಊರುಗಳಿಗೆ ಅದರ ಅಗತ್ಯವಾದರೂ ಏನು? ಮಾರ್ಗಶಿರದ ಮುಂಜಾವಿಗೆ ಒಂದು ಕಂಬಳಿ, ಹೆಚ್ಚೆಂದರೆ ತಲೆಗೊಂದು ಶಾಲು. ಅಲ್ಲಿಗೆ ಚಳಿಗಾಲದ ಸಿದ್ಧತೆ ಮುಗಿಯಿತು.

ಆದರೆ ಕಾಲ ಬದಲಾಗಿದೆ. ಈ ಊರುಗಳ ಮಕ್ಕಳು ಓದಿ, ಬೆಂಗಳೂರು ಹೈದರಾಬಾದುಗಳನ್ನು ದಾಟಿ, ಸಿಯಾಟಲ್, ಸಾನ್ ಹೋಸೆ, ಡಲ್ಲಾಸ್ ನಗರಗಳಲ್ಲಿ ಸಂಸಾರ ಹೂಡಿದ್ದಾರೆ. ಬೇಸಗೆ ಬಂತೆಂದರೆ ತಂದೆತಾಯಿಯರನ್ನು ಕರೆಸಿಕೊಳ್ಳುತ್ತಾರೆ. ಕರೆಸಿಕೊಂಡ ಮೇಲೆ ನಯಾಗರ ಜಲಪಾತವನ್ನು ತೋರಿಸಿದ್ದಾಯಿತು, ದೇವಸ್ಥಾನಗಳಿಗೆ ಕರೆದೊಯ್ದದ್ದಾಯಿತು, ಮುಂದೇನು ಎಂದು ಯೋಚಿಸುವಾಗ ಮಗನೋ ಮಗಳೋ ಒಂದು ದಿನ ದೂರವಾಣಿಯಲ್ಲಿ ಹೇಳುವ ಮಾತು: “ಈ ಸಲ ಅಲಾಸ್ಕಾಕ್ಕೆ ಹಡಗಿನಲ್ಲಿ ಹೋಗಿ ಬರೋಣ.”

ಒಂದು ಕಾಲದಲ್ಲಿ ಸಮುದ್ರವನ್ನು ದಾಟುವುದೇ ದೋಷವೆಂದು ಬಗೆದ ಸಮಾಜವಿದು. ಬರಬರುತ್ತ ಆ ದೋಷ ಹೋಯಿತು. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಎಂಬ ಪ್ರವಾಸಕಥನಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಸಂದಿತು. ಈಗ ಉಳಿದಿರುವ ಆತಂಕವು ಧರ್ಮಶಾಸ್ತ್ರದ್ದಲ್ಲ, ಶುದ್ಧ ಲೌಕಿಕವಾದುದು: ಅಲ್ಲಿ ಉಡುವುದೇನು, ಉಣ್ಣುವುದೇನು, ದಡಕ್ಕಿಳಿದಾಗ ಹಡಗು ಬಿಟ್ಟುಹೋದರೆ ಗತಿಯೇನು?

ಇವು ನಗೆಪಾಟಲಿನ ಪ್ರಶ್ನೆಗಳಲ್ಲ. ಅರುವತ್ತೈದು ಎಪ್ಪತ್ತರ ಪ್ರಾಯದ ತಂದೆತಾಯಿಯರಿಗೆ ಇಂಥ ಯಾತ್ರೆಯು ಬಹುಮಟ್ಟಿಗೆ ಒಂದೇ ಸಲದ್ದು. ಮೊಣಕಾಲು ಇನ್ನೊಂದು ವರ್ಷಕ್ಕೆ ಒಪ್ಪುವುದೋ ಇಲ್ಲವೋ ಹೇಳುವಂತಿಲ್ಲ. ಮಗನ ಮನೆಯಲ್ಲಿ ಆರು ತಿಂಗಳು ಇದ್ದರೂ ಅವನು ಸಿಗುವುದು ರಾತ್ರಿಯ ಊಟದ ವೇಳೆಗೆ ಮಾತ್ರ. ಹಗಲೆಲ್ಲ ಗೋಡೆಗಳ ನಡುವೆ ಇಬ್ಬರೇ ವೃದ್ಧರು. ಹಡಗಿನ ಮೇಲಾದರೋ ಏಳು ದಿನ ಅವನು ಎಲ್ಲಿಗೂ ಹೋಗಲಾರ. ಕಚೇರಿಯಿಲ್ಲ, ಕಾರಿಲ್ಲ. ನಿಜವಾದ ಲಾಭ ಇದೇ. ಚಳಿಯಿಂದ ನಡುಗಿಯೋ, ಔಷಧಿ ಮರೆತೋ, ದಡದ ಗಡಿಬಿಡಿಯಲ್ಲಿ ಸೋತೋ ಆ ಏಳು ದಿನಗಳು ಕೆಟ್ಟರೆ ಮತ್ತೆ ಹಿಂದಕ್ಕೆ ಬರುವಂಥವಲ್ಲ. ಆದುದರಿಂದ ಪೆಟ್ಟಿಗೆ ಕಟ್ಟುವ ವಿಚಾರಕ್ಕೆ ಸ್ವಲ್ಪ ಗಂಭೀರವಾಗಿಯೇ ಗಮನ ಕೊಡುವುದು ಉಚಿತ.

ಹೋಗುವ ನಾಡು ಎಂಥದು?

ಅಲಾಸ್ಕಾ ವಿಸ್ತಾರದಲ್ಲಿ ಕರ್ನಾಟಕದ ಸುಮಾರು ಒಂಬತ್ತು ಪಟ್ಟು. ಆದರೆ 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 7 ಲಕ್ಷ 33 ಸಾವಿರ. ರಾಯಚೂರು ಜಿಲ್ಲೆಯೊಂದರಲ್ಲಿಯೇ 2011ರಲ್ಲಿ 19 ಲಕ್ಷಕ್ಕೂ ಹೆಚ್ಚು ಜನರಿದ್ದರೆಂಬುದನ್ನು ನೆನೆದರೆ ಆ ನಾಡಿನ ನಿರ್ಜನತೆ ಅರ್ಥವಾದೀತು. 1867ರಲ್ಲಿ ಅಮೆರಿಕ ಸರ್ಕಾರವು ಅದನ್ನು ರಷ್ಯಾದಿಂದ 72 ಲಕ್ಷ ಡಾಲರುಗಳಿಗೆ ಕೊಂಡಿತು. 1959ರಲ್ಲಿ ಅದು ಪೂರ್ಣ ರಾಜ್ಯದ ಪದವಿಯನ್ನು ಪಡೆಯಿತು.

ಪ್ರವಾಸಿ ಹಡಗುಗಳು ಹೆಚ್ಚಾಗಿ ಹೋಗುವುದು ಅದರ ಆಗ್ನೇಯ ಮೂಲೆಗೆ. ಸಿಯಾಟಲ್ ಇಲ್ಲವೆ ಕೆನಡಾದ ವ್ಯಾಂಕೂವರಿನಿಂದ ಹೊರಟು, ದ್ವೀಪಗಳ ಸಾಲಿಗೂ ನೆಲಕ್ಕೂ ನಡುವಣ ಒಳದಾರಿಯಲ್ಲಿ ಸಾಗಿ, ಕೆಚಿಕನ್, ಜೂನೋ, ಸ್ಕ್ಯಾಗ್ವೇ ಎಂಬ ಊರುಗಳಲ್ಲಿ ಒಂದೊಂದು ದಿನ ನಿಂತು, ಒಂದು ದಿನ ಹಿಮನದಿಯ ಮುಂದೆ ಕಳೆದು ಹಿಂದಿರುಗುವುದು ವಾಡಿಕೆ. ದ್ವೀಪಗಳು ಸಾಗರದ ಅಲೆಗಳನ್ನು ತಡೆಯುವುದರಿಂದ ಒಳದಾರಿಯ ನೀರು ಬಹುಮಟ್ಟಿಗೆ ಶಾಂತ. ಆದರೂ ತಲೆಸುತ್ತಿನ ಭಯವುಳ್ಳವರು ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕೋಣೆಯನ್ನು ಕೇಳಿ ಪಡೆಯುವುದು ಲೇಸು. ತೊಟ್ಟಿಲು ತೂಗುವಾಗ ತುದಿ ಹೆಚ್ಚು ಏರಿಳಿಯುವಂತೆ ಹಡಗಿನ ತುದಿಗಳೇ ಹೆಚ್ಚು ತೂಗಾಡುವುವು.

ಹವೆಯ ಬಗ್ಗೆ ಎರಡು ಬಗೆಯ ತಪ್ಪುಕಲ್ಪನೆಗಳಿವೆ. ಹಿಮನಾಡೆಂದೊಡನೆ ಮೈ ಮರಗಟ್ಟುವ ಚಳಿಯೆಂದು ಹೆದರುವವರು ಕೆಲವರು. ಬೇಸಗೆಯಲ್ಲವೆ ಎಂದು ಒಂದು ಸ್ವೆಟರಿನೊಡನೆ ಹೊರಡುವವರು ಮತ್ತೆ ಕೆಲವರು. ಜೂನೋ ಪಟ್ಟಣದ ಜುಲೈ ಮಧ್ಯಾಹ್ನವು ಸುಮಾರಾಗಿ ರಾಯಚೂರಿನ ಡಿಸೆಂಬರ್ ಮುಂಜಾವಿಗೆ ಸಮ: 17, 18 ಡಿಗ್ರಿ. ಅಷ್ಟೇ ಆಗಿದ್ದರೆ ಕಂಬಳಿಯೇ ಸಾಕಾಗುತ್ತಿತ್ತು. ಆದರೆ ಆ ಮುಂಜಾವಿಗೆ ಜಡಿಮಳೆಯನ್ನೂ, ಓಡುವ ಹಡಗಿನ ಗಾಳಿಯನ್ನೂ, ಹಿಮರಾಶಿಯ ಉಸಿರನ್ನೂ ಕೂಡಿಸಬೇಕು. ಕೆಚಿಕನ್ನಿನಲ್ಲಿ ವರ್ಷಕ್ಕೆ ಸುಮಾರು 140 ಅಂಗುಲ ಮಳೆ. ರಾಯಚೂರಿನಲ್ಲಿ ಅದರ ಐದನೆಯ ಒಂದು ಭಾಗವಾದರೆ ರೈತನ ಮುಖ ಅರಳುತ್ತದೆ. ಆದುದರಿಂದ ಅಲ್ಲಿನ ಶತ್ರು ಚಳಿ ಮಾತ್ರವಲ್ಲ, ಚಳಿಯೊಡನೆ ಕೈಗೂಡಿಸಿದ ತೇವ.

ಹತ್ತಿಯ ನಾಡಿನವರು ಹತ್ತಿಯನ್ನು ಬಿಡಬೇಕು

ಎಡೆದೊರೆ ನಾಡಿನವರಿಗೆ ಇದು ತುಸು ಕಷ್ಟದ ಮಾತು. ಹತ್ತಿ ಅವರ ಹೊಲದ ಬೆಳೆ, ಅವರ ಸಂತೆಯ ಹಣ, ಅವರ ಮೈಮೇಲಿನ ಬಟ್ಟೆ. ಬಿಸಿಲಿನಲ್ಲಿ ಅದು ಬೆವರನ್ನು ಹೀರಿ, ಆರಿಸಿ, ಮೈಯನ್ನು ತಂಪಾಗಿಡುತ್ತದೆ. ಅದರ ಆ ಗುಣವೇ ತಂಪುನಾಡಿನಲ್ಲಿ ದೋಷವಾಗುತ್ತದೆ: ತೊಯ್ದ ಹತ್ತಿಬಟ್ಟೆ ಮೈಗಂಟಿಕೊಂಡು ದೇಹದ ಶಾಖವನ್ನು ಹೊರಗೆ ಎಳೆಯುತ್ತದೆ, ಬೇಗ ಒಣಗುವುದೂ ಇಲ್ಲ. ಆದುದರಿಂದ ಮೈಗೆ ತಗಲುವ ಒಳ ಅಂಗಿಯು ನಯವಾದ ಉಣ್ಣೆಯದೋ ಕೃತಕ ನೂಲಿನದೋ ಆಗಿರಬೇಕು.

ಉಣ್ಣೆಯ ಮಹಿಮೆಯನ್ನು ಈ ನಾಡಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಕುರುಬರು ದಖನ್ ಕುರಿಯ ತುಪ್ಪಟವನ್ನು ನೂತು, ನೇಯ್ದು, ಹುಣಿಸೆಬೀಜದ ಗಂಜಿಯನ್ನು ಹಚ್ಚಿ ಸಿದ್ಧಪಡಿಸಿದ ಕಂಬಳಿಯನ್ನು ಹೊದ್ದು ಮಳೆಯಲ್ಲಿಯೂ ಮಂದೆ ಕಾಯುತ್ತ ಬಂದವರು. ಉಣ್ಣೆಯ ಎಳೆ ಗುಂಗುರು ಗುಂಗುರಾಗಿರುವುದರಿಂದ ಅದರ ಸುರುಳಿಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಆ ಗಾಳಿಯೇ ಶಾಖವನ್ನು ಹಿಡಿದಿಡುವ ಗೋಡೆ. ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ನೀರನ್ನು ಹೀರಿಯೂ ಉಣ್ಣೆ ಮೈಗೆ ತೇವವೆನಿಸದು. ಅಲಾಸ್ಕಾಕ್ಕೆ ಹೋಗುವವರು ಅನುಸರಿಸುವ ಪದರ ಪದ್ಧತಿಯಲ್ಲಿರುವುದೂ ಇದೇ ತತ್ತ್ವ. ಒಳಗೆ ತೆಳು ಉಣ್ಣೆಯ ಅಂಗಿ ಮತ್ತು ಕಾಲ್ಚೀಲ, ನಡುವೆ ಸ್ವೆಟರು, ಹೊರಗೆ ಗಾಳಿಯನ್ನೂ ನೀರನ್ನೂ ತಡೆಯುವ, ತಲೆಗವಸುಳ್ಳ ಮೇಲಂಗಿ. ಒಂದೇ ದಪ್ಪ ಕೋಟಿಗಿಂತ ಮೂರು ತೆಳು ಪದರಗಳು ಲೇಸು. ಬಿಸಿಲು ಬಂದರೆ ಒಂದನ್ನು ಕಳಚಬಹುದು, ಹಿಮನದಿಯ ಮುಂದೆ ಮತ್ತೆ ತೊಡಬಹುದು. ಇವುಗಳೊಡನೆ ಕಿವಿ ಮುಚ್ಚುವ ಟೋಪಿ, ಕೈಗವಸು, ನೀರು ತಾಳುವ ಮತ್ತು ಜಾರದ ಅಡಿಯುಳ್ಳ ಪಾದರಕ್ಷೆ. ಈ ಪಾದರಕ್ಷೆಯನ್ನು ಹೊರಡುವ ಮುನ್ನ ಎರಡು ವಾರವಾದರೂ ಮನೆಯ ಸುತ್ತ ತೊಟ್ಟು ನಡೆದು ರೂಢಿಮಾಡಿಕೊಳ್ಳಬೇಕು. ಹೊಸ ಬೂಟು ಕಚ್ಚಿದ ಕಾಲಿಗೆ ಹಿಮನದಿಯೂ ಒಂದೇ, ಹೊಲದ ಬದುವೂ ಒಂದೇ.

ತಾಯಂದಿರ ವಿಷಯದಲ್ಲಿ ಒಂದು ಸೂಕ್ಷ್ಮವುಂಟು. ಐವತ್ತು ವರ್ಷ ಸೀರೆಯುಟ್ಟವರಿಗೆ ಒಮ್ಮೆಲೇ ಷರಾಯಿ ತೊಡು ಎಂದರೆ ಅವರ ಮನಸ್ಸು ಕುಗ್ಗುತ್ತದೆ. ಹೇಳಲಾರದೆ ಕೋಣೆಯಲ್ಲಿಯೇ ಕುಳಿತು ಕಿಟಕಿಯಿಂದ ನೋಡಿ ತೃಪ್ತರಾಗುವವರೂ ಇದ್ದಾರೆ. ಬಲವಂತ ಬೇಡ. ಸೀರೆಯ ಒಳಗೆ ಉಣ್ಣೆಯ ಕಾಲುಡುಪನ್ನು ಧರಿಸಿ, ಮೇಲೆ ಸ್ವೆಟರು ಮತ್ತು ಉದ್ದನೆಯ ಮಳೆಯಂಗಿಯನ್ನು ತೊಟ್ಟರೆ ಹಡಗಿನ ಮೇಲೆ ನಿಲ್ಲಲು ಅಡ್ಡಿಯಿಲ್ಲ. ದೋಣಿ ಹತ್ತಿ ಇಳಿಯುವ ದಿನಗಳಲ್ಲಿ ಮಾತ್ರ ನೆರಿಗೆ ಕಾಲಿಗೆ ತೊಡರುವ ಅಪಾಯವುಂಟು. ಆ ಎರಡು ದಿನಗಳಿಗೆ ಸಲ್ವಾರನ್ನು ಮನೆಯಲ್ಲಿಯೇ ಮೊದಲು ತೊಟ್ಟು ನೋಡಲಿ. ಹಡಗಿನಲ್ಲಿ ಒಂದೆರಡು ರಾತ್ರಿಯ ಭೋಜನಕ್ಕೆ ಎಲ್ಲರೂ ಸಿಂಗರಿಸಿಕೊಂಡು ಬರುವ ಪದ್ಧತಿಯಿದೆ. ಆಗ ಇಳಕಲ್ ಸೀರೆಯ ಕೆಂಪು ಸೆರಗಿಗೆ ಸರಿಗಟ್ಟುವ ಉಡುಪು ಆ ಭೋಜನಶಾಲೆಯಲ್ಲಿ ಇನ್ನೊಂದಿರಲಾರದು.

ಕಾಗದಪತ್ರ ಮತ್ತು ಕೈಚೀಲ

ಬಟ್ಟೆಗಿಂತ ಮೊದಲು ನೋಡಬೇಕಾದುದು ಕಾಗದಪತ್ರ. ಅಮೆರಿಕದ ವೀಸಾ ಇದ್ದ ಮಾತ್ರಕ್ಕೆ ಸಾಲದೆಂಬ ಸಂಗತಿ ಬಹುಮಂದಿಗೆ ತಡವಾಗಿ ತಿಳಿಯುತ್ತದೆ. ವಿದೇಶೀ ಧ್ವಜದ ಹಡಗುಗಳು ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ನೇರವಾಗಿ ಪ್ರಯಾಣಿಕರನ್ನು ಸಾಗಿಸಬಾರದೆಂದು 1886ರ ಕಾನೂನೊಂದು ಕಟ್ಟಳೆ ವಿಧಿಸಿದೆ. ಆ ಬಂದರುಗಳ ನಡುವೆ ಹೊರದೇಶದ ನೆಲವನ್ನು ಮುಟ್ಟಲೇಬೇಕು. ದೊಡ್ಡ ಪ್ರವಾಸಿ ಹಡಗುಗಳು ಬಹುತೇಕ ವಿದೇಶೀ ಧ್ವಜದವು. ಆದುದರಿಂದಲೇ ಸಿಯಾಟಲ್ಲಿನಿಂದ ಹೊರಟ ಹಡಗು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುವುದು. ಮಹಾಮಾರಿಯ ಕಾಲದಲ್ಲಿ ಕೆನಡಾ ತನ್ನ ಬಂದರುಗಳನ್ನು ಮುಚ್ಚಿದಾಗ, 2021ರಲ್ಲಿ ಅಮೆರಿಕದ ಶಾಸನಸಭೆ ಈ ನಿಯಮಕ್ಕೆ ತಾತ್ಕಾಲಿಕ ವಿನಾಯಿತಿ ಕೊಡಬೇಕಾಯಿತು. ಭಾರತದ ಪಾಸ್‌ಪೋರ್ಟಿನವರು ಕೆನಡಾದ ವೀಸಾವನ್ನೂ ಮುಂಚಿತವಾಗಿ ಪಡೆದಿರಬೇಕು. ಮರಳಿ ಅಮೆರಿಕವನ್ನು ಪ್ರವೇಶಿಸಲು ಅಲ್ಲಿನ ವೀಸಾ ಹಲವು ಸಲದ ಪ್ರವೇಶಕ್ಕೆ ಸಲ್ಲುವಂಥದಾಗಿರಬೇಕು. ಟಿಕೆಟಿಗೆ ಹಣ ಕಟ್ಟುವ ಮೊದಲು ಹಡಗಿನ ಕಂಪನಿಯನ್ನು ಕೇಳಿ ಖಚಿತಪಡಿಸಿಕೊಂಡರೆ ಬಂದರಿನ ಬಾಗಿಲಲ್ಲಿ ಕಣ್ಣೀರು ಹಾಕುವ ಪ್ರಸಂಗ ತಪ್ಪುತ್ತದೆ.

ಎರಡನೆಯದು ಆರೋಗ್ಯದ ವಿಮೆ. ಹಡಗಿನಲ್ಲಿ ವೈದ್ಯರುಂಟು, ಆದರೆ ಅವರ ಶುಲ್ಕ ಟಿಕೆಟಿನಲ್ಲಿ ಸೇರಿಲ್ಲ. ಹೃದಯದ ತೊಂದರೆ ಕಾಣಿಸಿಕೊಂಡರೆ ರೋಗಿಯನ್ನು ವಿಮಾನದಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕಾಗಬಹುದು; ಆ ವೆಚ್ಚ ಒಂದು ಸಂಸಾರವನ್ನೇ ಮುಳುಗಿಸುವಷ್ಟಿರುತ್ತದೆ. ಹಳೆಯ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೂ ವಿಮಾನ ಸಾಗಾಟಕ್ಕೂ ವಿಮೆ ಅನ್ವಯಿಸುತ್ತದೆಯೇ ಎಂಬುದನ್ನು ಸಣ್ಣ ಅಕ್ಷರಗಳಲ್ಲಿ ಅಡಗಿರುವ ಷರತ್ತುಗಳ ಸಮೇತ ಓದಬೇಕು. ಹಿರಿಯರು ಮಕ್ಕಳಿಗೆ ಹೊರೆಯಾದೀತೆಂದು ತಮ್ಮ ಕಾಯಿಲೆಯನ್ನು ಮುಚ್ಚಿಡುವುದುಂಟು. ಈ ಸಂಕೋಚವೇ ಮುಂದೆ ನಿಜವಾದ ಹೊರೆಯಾಗುತ್ತದೆ.

ಮೂರನೆಯದು ಕೈಚೀಲ. ಬಂದರಿನಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಹಮಾಲರು ಒಯ್ಯುತ್ತಾರೆ. ಅವು ಕೋಣೆಗೆ ಬಂದು ಸೇರುವಾಗ ಸಂಜೆಯಾದರೂ ಆದೀತು. ಆದುದರಿಂದ ಪಾಸ್‌ಪೋರ್ಟು, ಪೂರ್ಣ ಯಾತ್ರೆಗೆ ಬೇಕಾದುದಕ್ಕಿಂತ ನಾಲ್ಕು ದಿನ ಹೆಚ್ಚಿನ ಔಷಧಿ, ಔಷಧಿಯ ಮೂಲ ಹೆಸರುಳ್ಳ ವೈದ್ಯರ ಚೀಟಿ, ಕನ್ನಡಕದ ಇನ್ನೊಂದು ಜೊತೆ, ಒಂದು ಸ್ವೆಟರು, ಇಷ್ಟನ್ನು ಕೈಯಲ್ಲಿಯೇ ಹಿಡಿದಿರಬೇಕು. ಕಡೆಯ ರಾತ್ರಿಯದು ಇನ್ನೊಂದು ವಿನೋದ. ಮರುದಿನ ಇಳಿಸಲೆಂದು ಪೆಟ್ಟಿಗೆಗಳನ್ನು ರಾತ್ರಿಯೇ ಕೋಣೆಯ ಹೊರಗಿಡುವ ಪದ್ಧತಿ. ಬಹು ಅಚ್ಚುಕಟ್ಟಾದ ಮಹನೀಯರು ಎಲ್ಲವನ್ನೂ ಒಪ್ಪವಾಗಿ ತುಂಬಿ ಹೊರಗಿಟ್ಟು ಮಲಗಿ, ಬೆಳಿಗ್ಗೆ ಎದ್ದು ನೋಡಿದರೆ ಮೈಮೇಲೆ ಮಲಗುವ ಅಂಗಿಯ ಹೊರತು ಬೇರೇನೂ ಉಳಿದಿರುವುದಿಲ್ಲ. ಮರುದಿನದ ಉಡುಪನ್ನು ಬೇರೆ ತೆಗೆದಿಡುವುದನ್ನು ಗೃಹಿಣಿಯರಿಗೆ ವಹಿಸುವುದು ಕ್ಷೇಮ.

ಇನ್ನು ಬುತ್ತಿಯ ಮಾತು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿಗಳಿಲ್ಲದೆ ಎಡೆದೊರೆಯವರ ಪೆಟ್ಟಿಗೆ ಮುಚ್ಚುವುದಿಲ್ಲವೆಂಬುದು ಲೋಕವಿದಿತ. ಆದರೆ ಹಡಗುಗಳು ಸಾಮಾನ್ಯವಾಗಿ ಅಂಗಡಿಯ ಮೊಹರುಳ್ಳ ಒಣ ತಿಂಡಿಗಳನ್ನಷ್ಟೇ ಒಪ್ಪುತ್ತವೆ. ಮನೆಯಲ್ಲಿ ಮಾಡಿದ ಅಡುಗೆಗೆ ಪ್ರವೇಶವಿಲ್ಲ. ನೀರು ಕಾಯಿಸುವ ಸರಳು, ವಿದ್ಯುತ್ ಕೆಟಲು, ಇಸ್ತ್ರಿಪೆಟ್ಟಿಗೆಗಳು ಬೆಂಕಿಯ ಭಯದಿಂದ ನಿಷಿದ್ಧ. ಸಸ್ಯಾಹಾರಿಗಳು ಟಿಕೆಟು ಕೊಳ್ಳುವಾಗಲೇ ತಿಳಿಸಿದರೆ ಅನೇಕ ಹಡಗುಗಳಲ್ಲಿ ಭಾರತೀಯ ಸಸ್ಯಾಹಾರದ ಏರ್ಪಾಡುಂಟು. ಊರಿನ ಚಟ್ನಿಪುಡಿಯನ್ನು ಮಗನ ಮನೆಯಲ್ಲಿ ಬಿಟ್ಟು ಹೋದರೆ ಹಿಂದಿರುಗಿ ಬಂದಾಗ ಅದರ ರುಚಿ ಇಮ್ಮಡಿಯಾಗುತ್ತದೆ.

ಒಂದು ಟನ್ ಹೊತ್ತು ನಡೆದವರು

ಪೆಟ್ಟಿಗೆಯ ಭಾರದ ಬಗ್ಗೆ ಗೊಣಗುವವರು ಸ್ಕ್ಯಾಗ್ವೇ ಊರಿನ ಕಥೆಯನ್ನು ಕೇಳಬೇಕು. 1896ರಲ್ಲಿ ಕೆನಡಾದ ಕ್ಲಾಂಡೈಕ್ ಸೀಮೆಯಲ್ಲಿ ಚಿನ್ನ ಸಿಕ್ಕಿತು. ಸುದ್ದಿ ಹಬ್ಬಿದೊಡನೆ ಸುಮಾರು ಒಂದು ಲಕ್ಷ ಜನ ಮನೆಮಾರು ಬಿಟ್ಟು ಹೊರಟರೆಂದು ಅಂದಾಜು. ಅವರಲ್ಲಿ ಬಹುಮಂದಿ ಹಡಗಿನಿಂದ ಇಳಿದದ್ದು ಸ್ಕ್ಯಾಗ್ವೇಯಲ್ಲಿ ಮತ್ತು ಅದರ ಪಕ್ಕದ ಡೈಯಾದಲ್ಲಿ. ಒಳನಾಡಿನಲ್ಲಿ ಕ್ಷಾಮವಾದೀತೆಂದು ಕೆನಡಾದ ಪೊಲೀಸರು ಒಂದು ಕಟ್ಟುನಿಟ್ಟು ಮಾಡಿದರು: ಒಂದು ವರ್ಷಕ್ಕೆ ಸಾಲುವಷ್ಟು ಆಹಾರವಿಲ್ಲದವನಿಗೆ ಗಡಿಯಲ್ಲಿ ಪ್ರವೇಶವಿಲ್ಲ. ಆಹಾರ, ಗುಡಾರ, ಹತ್ಯಾರುಗಳೆಲ್ಲ ಸೇರಿ ತಲೆಗೆ ಸುಮಾರು ಒಂದು ಟನ್ ಸಾಮಾನು. ಅದನ್ನು ಬೆನ್ನಮೇಲೆ ಸ್ವಲ್ಪ ಸ್ವಲ್ಪವಾಗಿ ಹೊತ್ತು, ಹಿಮದ ಏರನ್ನು ಹತ್ತಿ, ಮತ್ತೆ ಇಳಿದು, ಹೀಗೆ ಹತ್ತಾರು ಸಲ ಒಂದೇ ದಾರಿಯನ್ನು ಸವೆಸಬೇಕಾಯಿತು. ವೈಟ್ ಪಾಸ್ ಎಂಬ ಇನ್ನೊಂದು ಕಣಿವೆಯಲ್ಲಿ ಸುಮಾರು ಮೂರು ಸಾವಿರ ಕುದುರೆಗಳು ಸತ್ತು ಬಿದ್ದುವು. ಕೊನೆಗೆ ಚಿನ್ನ ಸಿಕ್ಕಿ ಬದುಕು ಹಸನಾದವರು ಬೆರಳೆಣಿಕೆಯ ಮಂದಿ.

ಹಟ್ಟಿಯ ಚಿನ್ನದ ಗಣಿಯನ್ನು ಜಿಲ್ಲೆಯಲ್ಲಿಯೇ ಇಟ್ಟುಕೊಂಡಿರುವ ರಾಯಚೂರಿನವರಿಗೆ ಈ ಹುಚ್ಚು ಅರ್ಥವಾಗದ್ದೇನಲ್ಲ. ಆದರೆ ಲೆಕ್ಕದ ಒಂದು ಸ್ವಾರಸ್ಯವನ್ನು ನೋಡಬೇಕು. ಆ ಗಣಿಗಾರನು ವರ್ಷಕ್ಕೆ ಸುಮಾರು 900 ಕಿಲೋ ಹೊತ್ತನು. ದಿನಕ್ಕೆ ಎರಡೂವರೆ ಕಿಲೋ. ವಿಮಾನದವರು ಒಪ್ಪಿದರೆಂದು ತಲಾ 23 ಕಿಲೋ ತೂಕದ ಎರಡು ಪೆಟ್ಟಿಗೆಗಳನ್ನು ಏಳು ದಿನದ ಹಡಗಿಗೂ ಎಳೆದೊಯ್ಯುವ ಇಂದಿನ ಯಾತ್ರಿಕನ ಪಾಲು ದಿನಕ್ಕೆ ಆರೂವರೆ ಕಿಲೋ! ಊಟ, ಹಾಸಿಗೆ, ಚೌಕ, ಸಾಬೂನು ಎಲ್ಲವೂ ಹಡಗಿನಲ್ಲಿ ಸಿಗುವಾಗ ಇಷ್ಟು ಭಾರವೇಕೆ? ಇಬ್ಬರಿಗೆ ಒಂದು ಪೆಟ್ಟಿಗೆ, ತಲೆಗೊಂದು ಕೈಚೀಲ ಸಾಕು. ಮೇಲಂಗಿಯಂಥ ದೊಡ್ಡ ಬಟ್ಟೆಗಳನ್ನು ಊರಿನಲ್ಲಿ ಹುಡುಕಿ ಹೆಚ್ಚು ಬೆಲೆ ಕೊಟ್ಟು ಕೊಳ್ಳುವುದಕ್ಕಿಂತ ಮಗನ ಮನೆಯಲ್ಲಿರುವುದನ್ನೋ ಅವನ ಸ್ನೇಹಿತರಿಂದ ಎರವಲಾಗಿ ಬಂದುದನ್ನೋ ತೊಡುವುದು ಜಾಣತನ. ಒಂದು ವಾರದ ಚಳಿಗೆ ಜೀವಮಾನದ ಕೋಟು ಬೇಡ.

ದಡಕ್ಕಿಳಿದಾಗ

ಹಡಗು ಒಂದೊಂದು ಊರಿನಲ್ಲಿ ನಿಲ್ಲುವುದು ಎಂಟು ಹತ್ತು ಗಂಟೆ. ಆ ವೇಳೆಯಲ್ಲಿ ಏನನ್ನು ನೋಡಬೇಕೆಂಬ ಪಟ್ಟಿಯನ್ನು ಮಕ್ಕಳು ತಿಂಗಳುಗಟ್ಟಲೆ ಮೊದಲೇ ತಯಾರಿಸುತ್ತಾರೆ. ಪಟ್ಟಿಯಲ್ಲಿ ಹೆಲಿಕಾಪ್ಟರು, ನಾಯಿಬಂಡಿ, ಬೆಟ್ಟದ ನಡಿಗೆ, ದೋಣಿ, ರೈಲು ಎಲ್ಲವೂ ಇರುತ್ತವೆ. ತಂದೆತಾಯಿಯರ ಅಭಿಪ್ರಾಯವೊಂದೇ ಇರುವುದಿಲ್ಲ. “ನಿನಗೆ ಸರಿ ಕಂಡಂತೆ ಮಾಡಪ್ಪ” ಎಂದು ಅವರೂ ಸುಮ್ಮನಾಗುತ್ತಾರೆ. ಪ್ರೀತಿ ಎರಡು ಕಡೆಯೂ ಇದ್ದು ಯಾತ್ರೆ ಮಾತ್ರ ಆಯಾಸಕರವಾಗುವುದು ಹೀಗೆ.

ಊರಿಗೊಂದೇ ನೋಟವೆಂಬ ನಿಯಮವನ್ನು ಇಟ್ಟುಕೊಂಡರೆ ಸುಖ. ಸ್ಕ್ಯಾಗ್ವೇಯಲ್ಲಿ ರೈಲು ಸಾಕು. 1898ರಲ್ಲಿ ಆರಂಭವಾಗಿ 1900ರಲ್ಲಿ ಪೂರ್ಣಗೊಂಡ ಈ ಕಿರುಹಳಿಯ ರೈಲು 20 ಮೈಲಿಗಳೊಳಗೆ 2,865 ಅಡಿ ಎತ್ತರಕ್ಕೆ ಏರುತ್ತದೆ. ಕುದುರೆಗಳು ಸತ್ತ ಅದೇ ಕಣಿವೆಯನ್ನು ಬೆಚ್ಚನೆಯ ಡಬ್ಬಿಯಲ್ಲಿ ಕುಳಿತು ನೋಡಬಹುದು. 1871ರಲ್ಲಿಯೇ ಮುಂಬಯಿಯ ಹಳಿಯೂ ಮದರಾಸಿನ ಹಳಿಯೂ ಬಂದು ಕೂಡಿದ ರಾಯಚೂರಿನವರಿಗೆ ರೈಲು ಹೊಸದಲ್ಲ, ಆದರೆ ಇಂಥ ಏರು ಹೊಸದು. ಮೊಣಕಾಲಿಗೂ ತೊಂದರೆಯಿಲ್ಲ.

ಜೂನೋದಲ್ಲಿ ತಿಮಿಂಗಿಲದ ದೋಣಿ, ಇಲ್ಲವೆ ಮೆಂಡೆನ್‌ಹಾಲ್ ಹಿಮನದಿ. ಗೂನುಬೆನ್ನಿನ ತಿಮಿಂಗಿಲಗಳು ಚಳಿಗಾಲದಲ್ಲಿ ಹವಾಯಿಯ ಬೆಚ್ಚನೆಯ ನೀರಿನಲ್ಲಿ ಮರಿಹಾಕಿ, ಬೇಸಗೆಗೆ ಮರಿಯೊಡನೆ ಸಾವಿರಾರು ಮೈಲಿ ಈಜಿ ಹೊಟ್ಟೆ ತುಂಬಿಸಿಕೊಳ್ಳಲು ಇಲ್ಲಿಗೆ ಬರುತ್ತವೆ. ಈ ಊರಿಗೆ ಹೊರಗಿನಿಂದ ರಸ್ತೆಯಿಲ್ಲ. ರಾಜ್ಯದ ರಾಜಧಾನಿಯಾದರೂ ಹಡಗು ವಿಮಾನಗಳೇ ಗತಿ. ಯಾತ್ರಿಕರ ದಟ್ಟಣೆ ತಾಳಲಾರದೆ 2024ರಿಂದ ದಿನಕ್ಕೆ ಐದು ದೊಡ್ಡ ಹಡಗುಗಳ ಮಿತಿಯನ್ನು ಅಲ್ಲಿ ಜಾರಿಗೆ ತರಲಾಗಿದೆ. ಕೆಚಿಕನ್ನಿನಲ್ಲಿ ಟ್ಲಿಂಗಿಟ್ ಮೊದಲಾದ ಮೂಲನಿವಾಸಿಗಳ ಕೆತ್ತನೆಯ ಕಂಬಗಳಿವೆ. ಕಾಗೆ, ಹದ್ದು, ತೋಳಗಳ ಮೂಲಕ ಒಂದೊಂದು ಕುಲದ ಚರಿತ್ರೆಯನ್ನು ಹೇಳುವ ಅವು ಊರಿನ ಮುಂದಣ ವೀರಗಲ್ಲುಗಳನ್ನು ಕಂಡವರಿಗೆ ಅಪರಿಚಿತವೆನಿಸವು. ಅಲ್ಲಿ ಹಣ ಕೊಟ್ಟು ನೋಡುವುದಕ್ಕಿಂತ ಕೊಡೆ ಹಿಡಿದು ನಿಧಾನವಾಗಿ ನಡೆಯುವುದೇ ಚೆಂದ.

ಈ ವಿಹಾರಗಳನ್ನು ಹಡಗಿನವರ ಮೂಲಕ ಗೊತ್ತುಮಾಡಬಹುದು, ದಡದ ಏಜೆಂಟರ ಮೂಲಕವೂ ಗೊತ್ತುಮಾಡಬಹುದು. ಎರಡನೆಯದು ಸಾಮಾನ್ಯವಾಗಿ ಅಗ್ಗ. ಆದರೆ ಹಡಗಿನವರು ಏರ್ಪಡಿಸಿದ ವಿಹಾರವು ತಡವಾದರೆ ಹಡಗು ಕಾಯುತ್ತದೆ, ಇಲ್ಲವೆ ಮುಂದಿನ ಬಂದರಿಗೆ ಅವರೇ ಮುಟ್ಟಿಸುತ್ತಾರೆ. ಸ್ವಂತವಾಗಿ ಹೋದವರಿಗೆ ಆ ಭರವಸೆಯಿಲ್ಲ. ಊರ ನಡುವಿನ ವಿಹಾರಕ್ಕೆ ಅಗ್ಗದ್ದು ಸಾಕು. ದೂರದ್ದಕ್ಕೆ, ಅದರಲ್ಲೂ ಹಿರಿಯರು ಜೊತೆಗಿರುವಾಗ, ಹಡಗಿನದೇ ಮೇಲು. ಎಲ್ಲರೂ ಹಡಗಿನೊಳಗೆ ಇರಬೇಕಾದ ವೇಳೆಯು ಹಡಗು ಹೊರಡುವುದಕ್ಕಿಂತ ಅರ್ಧಗಂಟೆಯಾದರೂ ಮೊದಲಿನದು. ಅಲಾಸ್ಕಾದ ಗಡಿಯಾರ ಸಿಯಾಟಲ್ಲಿನದಕ್ಕಿಂತ ಒಂದು ಗಂಟೆ ಹಿಂದೆ. ದಡಕ್ಕಿಳಿಯುವ ಮುನ್ನ ಕೈಗಡಿಯಾರವನ್ನು ಹಡಗಿನ ಗಡಿಯಾರಕ್ಕೆ ಸರಿಮಾಡಿಕೊಳ್ಳತಕ್ಕದ್ದು. ಹಡಗಿನ ಹೆಸರು, ಕಟ್ಟೆಯ ಸಂಖ್ಯೆ, ಮಗನ ದೂರವಾಣಿ, ಇವನ್ನು ಒಂದು ಚೀಟಿಯಲ್ಲಿ ಬರೆದು ತಂದೆಯ ಕಿಸೆಯಲ್ಲಿಯೂ ತಾಯಿಯ ಚೀಲದಲ್ಲಿಯೂ ಬೇರೆ ಬೇರೆಯಾಗಿ ಇಡಬೇಕು. ಜಾತ್ರೆಯಲ್ಲಿ ಮಗುವಿನ ಕೈಗೆ ಊರ ಹೆಸರು ಬರೆದು ಕಳುಹಿಸುತ್ತಿದ್ದವರಿಗೆ ಇದರಲ್ಲಿ ಅವಮಾನವೇನೂ ಇಲ್ಲ.

ಹಿಮದ ಮುಂದೆ

ಯಾತ್ರೆಯ ಮುಕುಟವೆನಿಸಿದ ಗ್ಲೇಸಿಯರ್ ಬೇಯಲ್ಲಿ ದಡಕ್ಕಿಳಿಯುವ ಪ್ರಶ್ನೆಯೇ ಇಲ್ಲ. ರಾಷ್ಟ್ರೀಯ ಉದ್ಯಾನದ ಅಧಿಕಾರಿಗಳೇ ಹಡಗನ್ನೇರಿ ವಿವರಣೆ ಕೊಡುತ್ತಾರೆ. ದಿನಕ್ಕೆ ಎರಡು ದೊಡ್ಡ ಪ್ರವಾಸಿ ಹಡಗುಗಳಿಗೆ ಮಾತ್ರ ಅಲ್ಲಿ ಅನುಮತಿ. ಮೂರೂ ಪದರಗಳನ್ನು ತೊಟ್ಟು ಬೆಳಿಗ್ಗೆಯೇ ಮೇಲಟ್ಟದಲ್ಲಿ ಸ್ಥಳ ಹಿಡಿದವರಿಗೆ ನೀಲಿಯ ಹಿಮದ ಗೋಡೆಯು ಎದುರಾಗುತ್ತದೆ. ಶತಮಾನಗಳ ಹಿಮವು ತನ್ನ ಭಾರಕ್ಕೆ ತಾನೇ ಒತ್ತಿ, ಗಾಳಿಯ ಗುಳ್ಳೆಗಳು ಹಿಂಡಿಹೋಗಿ, ಬೆಳಕಿನ ಕೆಂಪನ್ನು ಹೀರಿ ನೀಲಿಯನ್ನಷ್ಟೇ ಹೊರಗೆ ಬಿಡುವುದರಿಂದ ಆ ಬಣ್ಣ. ಗೋಡೆಯ ಒಂದು ತುಂಡು ಕಳಚಿ ನೀರಿಗೆ ಬಿದ್ದಾಗ ಸಿಡಿಲೆರಗಿದ ಸದ್ದಾಗುತ್ತದೆ. ಟ್ಲಿಂಗಿಟ್ ಜನ ಅದನ್ನು ಬಿಳಿಯ ಗುಡುಗು ಎನ್ನುತ್ತಾರೆ.

1794ರಲ್ಲಿ ಜಾರ್ಜ್ ವ್ಯಾಂಕೂವರನ ನಾವಿಕರು ಈ ದಾರಿಯಲ್ಲಿ ಬಂದಾಗ ಕೊಲ್ಲಿಯೇ ಇರಲಿಲ್ಲವೆನ್ನಬಹುದು; ಬಾಯಿಯ ತನಕ ಹಿಮ ತುಂಬಿತ್ತು. 1879ರಲ್ಲಿ ನಿಸರ್ಗಪ್ರೇಮಿ ಜಾನ್ ಮ್ಯೂರ್ ಬಂದಾಗ ಹಿಮವು ಸುಮಾರು 40 ಮೈಲಿ ಹಿಂದೆ ಸರಿದಿತ್ತು. 1916ರ ವೇಳೆಗೆ 60 ಮೈಲಿಗೂ ಮಿಕ್ಕಿ ಹಿಂದೆ ಹೋಗಿತ್ತು. ಆ ಹಳೆಯ ಹಿಂಜರಿತದ ಆರಂಭ ಪ್ರಕೃತಿಯದು. ಈಚಿನ ದಶಕಗಳಲ್ಲಿ ಅಲಾಸ್ಕಾದ ಹಿಮ ಕರಗುತ್ತಿರುವ ವೇಗದಲ್ಲಿ ಮನುಷ್ಯನು ಸುಡುವ ಎಣ್ಣೆ ಕಲ್ಲಿದ್ದಲುಗಳ ಪಾಲಿದೆ. ಆ ಎಣ್ಣೆಯಲ್ಲಿ ಪ್ರವಾಸಿ ಹಡಗಿನದೂ ಒಂದು ಪಾಲು. ಜೂನೋದ ಮೆಂಡೆನ್‌ಹಾಲ್ ಹಿಮನದಿಯ ಮೇಲುಭಾಗದಲ್ಲಿ ಕಟ್ಟಿಕೊಂಡ ನೀರು 2011ರಿಂದ ಆಗಾಗ ಒಡೆದು ಹರಿಯುತ್ತಿದೆ. 2023 ಮತ್ತು 2024ರ ಆಗಸ್ಟ್ ತಿಂಗಳಲ್ಲಿ ನದೀತೀರದ ಮನೆಗಳಿಗೆ ಅದರಿಂದ ಹಾನಿಯಾಯಿತು. ನೋಡಲು ಬಂದವರ ಹೊಗೆ ನೋಡಬೇಕಾದುದನ್ನೇ ಕರಗಿಸುತ್ತಿದೆಯೆಂಬ ಮಾತು ಹಡಗನ್ನೇರಿದ ಎಲ್ಲರಿಗೂ ಸೇರಿದ್ದು. ಒಮ್ಮೆ ಹೋಗುವವರು ಅವಸರವಿಲ್ಲದೆ, ಮನಸ್ಸಿಟ್ಟು ನೋಡಲಿ. ಮೇಲಿಂದ ಮೇಲೆ ಹೋಗುವ ಚಪಲ ಬೇಡ.

ಎಡೆದೊರೆಯ ಎರಡೂ ನದಿಗಳಿಗೆ ಹಿಮದ ತವರಿಲ್ಲ. ಸಹ್ಯಾದ್ರಿಯ ಮಳೆಯೇ ಅವುಗಳ ತಾಯಿ. ಆದರೂ 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ತೂಬುಬಾಗಿಲು ಕೊಚ್ಚಿಹೋದಾಗ, ಕಾಲುವೆಯ ನೀರನ್ನೇ ನಂಬಿದ ಮಾನ್ವಿಯ ರೈತರಿಗೆ ನಿದ್ದೆ ಬಂದಿರಲಾರದು. ನೀರು ಕೈತಪ್ಪಿ ಹೋಗುವುದೆಂದರೇನೆಂದು ಬಲ್ಲ ಅಂಥ ಹಿರಿಯನೊಬ್ಬ ಆ ನೀಲಿ ಗೋಡೆಯ ಮುಂದೆ ನಿಂತಾಗ, ಅಧಿಕಾರಿಯ ಇಂಗ್ಲಿಷ್ ವಿವರಣೆ ತಿಳಿಯದಿದ್ದರೂ ನಷ್ಟವಿಲ್ಲ. ಮಗ ಪಕ್ಕದಲ್ಲಿ ನಿಂತು ನಾಲ್ಕು ಮಾತು ಕನ್ನಡದಲ್ಲಿ ಹೇಳಿದರೆ ಸಾಕು. ತಂದೆಯೂ ತನಗೆ ತಿಳಿದ ನಾಲ್ಕು ಮಾತನ್ನು ಹೇಳಿಯಾನು. ಆ ಸಂಭಾಷಣೆಗೆ ದಾರಿಯಾಗಲೆಂದೇ ಪದರ ಪದರ ಉಡುಪು, ವೀಸಾ, ವಿಮೆ, ಚೀಟಿಗಳ ಈ ಸಿದ್ಧತೆಯೆಲ್ಲ.

ಇಂಥ ಯಾತ್ರೆಯ ಋಣವನ್ನು ಮಕ್ಕಳು ತೀರಿಸುವ ಕ್ರಮವೂ ಒಂದುಂಟು. ಮೊಮ್ಮಕ್ಕಳೊಡನೆ ಒಂದು ಡಿಸೆಂಬರಿನಲ್ಲಿ ಊರಿಗೆ ಬರುವುದು. ಜೋಳದ ಹೊಲದ ಬದುವಿನಲ್ಲಿ ಮುಂಜಾನೆ ಅಜ್ಜನೊಡನೆ ನಡೆಯುವುದು. ಅದಕ್ಕೆ ಕೆನಡಾದ ವೀಸಾ ಬೇಡ, ಮೂರು ಪದರದ ಉಡುಪು ಬೇಡ. ಪೆಟ್ಟಿಗೆ ಹಗುರವಾಗಿದ್ದರೆ ಸಾಕು. ಕಂಬಳಿ ಮನೆಯಲ್ಲಿಯೇ ಇದೆ.